ಎಣಿಸಬಾರದ್ದನ್ನು ಎಣಿಸಿದವರು: ವರ್ಣಭೇದದ ನಾಡಿನಲ್ಲಿ ವಿಶ್ವವಿದ್ಯಾಲಯಗಳು

ಕೇಪ್ ಟೌನ್ ವಿಶ್ವವಿದ್ಯಾಲಯದ ಅರ್ಥಶಾಸ್ತ್ರಜ್ಞ ಫ್ರಾನ್ಸಿಸ್ ವಿಲ್ಸನ್ ಅವರು 1972ರಲ್ಲಿ ದಕ್ಷಿಣ ಆಫ್ರಿಕಾದ ಚಿನ್ನದ ಗಣಿಗಳ ಕೂಲಿಕಾರರನ್ನು ಕುರಿತ ಅಧ್ಯಯನವೊಂದನ್ನು ಪ್ರಕಟಿಸಿದರು. 1911ರಿಂದ 1969ರವರೆಗೆ ಗಣಿ ಕಂಪನಿಗಳು ಕಪ್ಪು ಕಾರ್ಮಿಕರಿಗೆ ಕೊಟ್ಟ ಕೂಲಿಯನ್ನು ಅವರು ವರ್ಷವರ್ಷಕ್ಕೂ ಲೆಕ್ಕ ಹಾಕಿ, ಬೆಲೆಯೇರಿಕೆಯನ್ನು ಕಳೆದು, ಕೋಷ್ಟಕಗಳಲ್ಲಿ ಜೋಡಿಸಿದ್ದರು. ಆ ಕೋಷ್ಟಕಗಳ ಸಾರ ಇಷ್ಟೇ: 1969ರಲ್ಲಿ ಗಣಿಗಿಳಿದವನ ಕೈಗೆ ಬಂದ ಕೂಲಿಯ ನಿಜವಾದ ಬೆಲೆ, 1911ರಲ್ಲಿ ಅದೇ ಗಣಿಗಿಳಿದ ಅವನ ಅಜ್ಜನ ಕೂಲಿಗಿಂತ ಒಂದಿಷ್ಟೂ ಹೆಚ್ಚಿರಲಿಲ್ಲ. ಕಪ್ಪು ಜನರು ಆಫ್ರಿಕಾ ಖಂಡದ ಬೇರೆಲ್ಲ ಕಡೆಗಿಂತ ನಮ್ಮಲ್ಲಿಯೇ ಸುಖವಾಗಿದ್ದಾರೆ ಎಂದು ಜಗತ್ತಿನ ಮುಂದೆ ಹೇಳಿಕೊಳ್ಳುತ್ತಿದ್ದ ಸರ್ಕಾರಕ್ಕೆ, ಐವತ್ತೆಂಟು ವರ್ಷಗಳ ಈ ಲೆಕ್ಕಕ್ಕಿಂತ ಅಪಾಯಕಾರಿಯಾದ ಬರಹ ಇನ್ನೊಂದಿರಲು ಸಾಧ್ಯವಿರಲಿಲ್ಲ.

ವಿಶ್ವವಿದ್ಯಾಲಯಗಳು ವ್ಯವಸ್ಥೆಯನ್ನು ಬುಡಮೇಲು ಮಾಡುವ ಸಂಶೋಧನೆಗೂ ಚಳವಳಿಗೂ ಆಸರೆ ಕೊಡುತ್ತವೆ ಎಂಬ ಮಾತನ್ನು ಕೆಲವರು ದೂರಾಗಿಯೂ ಕೆಲವರು ಹೆಮ್ಮೆಯಾಗಿಯೂ ಹೇಳುತ್ತಾರೆ. ಎರಡು ಗುಂಪಿನವರಿಗೂ ಥಟ್ಟನೆ ಕಣ್ಣೆದುರು ಬರುವುದು ಘೋಷಣೆ ಕೂಗುವ ವಿದ್ಯಾರ್ಥಿಗಳ ಚಿತ್ರ. ದಕ್ಷಿಣ ಆಫ್ರಿಕಾದ ವರ್ಣಭೇದದ ನಲವತ್ತಾರು ವರ್ಷಗಳನ್ನು ಓದಿದ ಮೇಲೆ ನನಗೆ ಕಾಣುವ ಚಿತ್ರ ಬೇರೆ. ಅಧಿಕಾರದಲ್ಲಿ ಕುಳಿತವರು ಎಣಿಸಬಾರದೆಂದು ಬಯಸುವ ಸಂಗತಿಗಳನ್ನು ತಾಳ್ಮೆಯಿಂದ ಎಣಿಸುವವರಿಗೆ ಸಂಬಳ, ಸಮಯ, ಗ್ರಂಥಾಲಯ ಮತ್ತು ಬಾಗಿಲು ಹಾಕಿಕೊಂಡು ಮಾತಾಡಲು ಒಂದು ಕೋಣೆ, ಇಷ್ಟನ್ನು ಒದಗಿಸಿದ್ದೇ ಅಲ್ಲಿನ ವಿಶ್ವವಿದ್ಯಾಲಯಗಳು ಕೊಟ್ಟ ನಿಜವಾದ ಬೆಂಬಲ. ಆ ಆಸರೆ ಯಾವಾಗ ಗಟ್ಟಿಯಾಗಿ ನಿಂತಿತು, ಯಾವಾಗ ಕುಸಿಯಿತು ಎಂಬುದನ್ನು ನೋಡಿದರೆ ಈ ಜಟಿಲ ವಿಷಯ ಬಹುಮಟ್ಟಿಗೆ ತಿಳಿಯಾಗುತ್ತದೆ.

ಮೊದಲಿಗೆ ಒಂದು ತಪ್ಪು ಕಲ್ಪನೆಯನ್ನು ಬಿಡಬೇಕು. ವಿಶ್ವವಿದ್ಯಾಲಯವೆಂಬುದು ಹುಟ್ಟಿನಿಂದಲೇ ಪ್ರಭುತ್ವವಿರೋಧಿಯಾದ ಜಾಗವೇನಲ್ಲ. ವರ್ಣಭೇದ ನೀತಿಯ ಮುಖ್ಯ ಶಿಲ್ಪಿಯೆನಿಸಿದ ಹೆಂಡ್ರಿಕ್ ಫರ್ವೂರ್ಡ್ ರಾಜಕೀಯಕ್ಕೆ ಬರುವ ಮೊದಲು ಸ್ಟೆಲೆನ್‌ಬಾಷ್ ವಿಶ್ವವಿದ್ಯಾಲಯದಲ್ಲಿ ಮನಶ್ಶಾಸ್ತ್ರವನ್ನೂ ಬಳಿಕ ಸಮಾಜಶಾಸ್ತ್ರವನ್ನೂ ಕಲಿಸಿದ ಪ್ರಾಧ್ಯಾಪಕ. ಡಚ್ ಮೂಲದ ಬಿಳಿಯರ ಆಫ್ರಿಕಾನ್ಸ್ ಭಾಷೆಯ ವಿಶ್ವವಿದ್ಯಾಲಯಗಳಲ್ಲಿ ಜನಾಂಗಗಳು ತಮ್ಮ ತಮ್ಮ ಪಾಡಿಗೆ ಬೇರೆಯಾಗಿ ಬಾಳಬೇಕೆಂಬ ವಾದಕ್ಕೆ ಶಾಸ್ತ್ರದ ವೇಷ ತೊಡಿಸುವ ಮಾನವಶಾಸ್ತ್ರವೇ ಬೆಳೆದಿತ್ತು. ಅಂದರೆ ಪ್ರಭುತ್ವವನ್ನು ಕಟ್ಟಿಕೊಟ್ಟ ವಿದ್ವತ್ತೂ ಅದನ್ನು ಅಲುಗಾಡಿಸಿದ ವಿದ್ವತ್ತೂ ಒಂದೇ ಬಗೆಯ ಸಂಸ್ಥೆಗಳಿಂದ ಬಂದವು. ಕೇಪ್ ಟೌನ್ ಮತ್ತು ಜೋಹಾನ್ಸ್‌ಬರ್ಗಿನ ವಿಟ್‌ವಾಟರ್ಸ್‌ರ್ಯಾಂಡ್ ವಿಶ್ವವಿದ್ಯಾಲಯಗಳು ಮಾತ್ರ ಬಿಳಿಯರ ಜೊತೆಗೆ ಕೆಲವೇ ಮಂದಿ ಕಪ್ಪು ವಿದ್ಯಾರ್ಥಿಗಳನ್ನೂ ಸೇರಿಸಿಕೊಳ್ಳುತ್ತಿದ್ದವು. ಹಾಸ್ಟೆಲು, ಆಟದ ಮೈದಾನ, ನೃತ್ಯಕೂಟಗಳಲ್ಲಿ ಅಲ್ಲಿಯೂ ಭೇದವಿತ್ತು. ಹಾಗಿದ್ದರೂ ಅವನ್ನು ‘ತೆರೆದ ವಿಶ್ವವಿದ್ಯಾಲಯಗಳು’ ಎಂದು ಕರೆಯುತ್ತಿದ್ದರು.

ಆ ಸಣ್ಣ ಕಿಂಡಿಯನ್ನೂ ಮುಚ್ಚಲು 1959ರಲ್ಲಿ ಒಂದು ಕಾನೂನು ಬಂತು. ಅದಕ್ಕೆ ಇಟ್ಟ ಹೆಸರು ವಿಶ್ವವಿದ್ಯಾಲಯ ಶಿಕ್ಷಣ ವಿಸ್ತರಣಾ ಕಾಯ್ದೆ. ಮಂತ್ರಿಯ ಅನುಮತಿಯಿಲ್ಲದೆ ಕಪ್ಪು ವಿದ್ಯಾರ್ಥಿಗಳು ತೆರೆದ ವಿಶ್ವವಿದ್ಯಾಲಯಗಳಿಗೆ ಸೇರುವುದನ್ನು ಅದು ನಿಷೇಧಿಸಿತು, ಮತ್ತು ಒಂದೊಂದು ಜನವರ್ಗಕ್ಕೆ ಒಂದೊಂದು ಪ್ರತ್ಯೇಕ ಕಾಲೇಜು ಕಟ್ಟುವ ಏರ್ಪಾಡು ಮಾಡಿತು. ನೆಲ್ಸನ್ ಮಂಡೇಲಾ, ಆಲಿವರ್ ಟಾಂಬೊ, ರಾಬರ್ಟ್ ಸೊಬುಕ್ವೆ ಅವರಂಥ ಹೋರಾಟದ ನಾಯಕರು ಓದಿದ್ದ, 1916ರಲ್ಲಿ ಆರಂಭವಾಗಿದ್ದ ಫೋರ್ಟ್ ಹೇರ್ ಕಾಲೇಜನ್ನು ಸರ್ಕಾರ ನೇರವಾಗಿ ತನ್ನ ಹಿಡಿತಕ್ಕೆ ತೆಗೆದುಕೊಂಡಿತು. ಅಲ್ಲಿನ ಹಿರಿಯ ಪ್ರಾಧ್ಯಾಪಕ ಝಡ್.ಕೆ. ಮ್ಯಾಥ್ಯೂಸ್ ಪ್ರತಿಭಟಿಸಿ ರಾಜೀನಾಮೆ ಕೊಟ್ಟು ಹೊರನಡೆದರು.

ಈ ಕಾಯ್ದೆಯ ವಿರುದ್ಧದ ಹೋರಾಟದಲ್ಲಿ, ಕೇಪ್ ಟೌನ್ ವಿಶ್ವವಿದ್ಯಾಲಯದ ಕುಲಪತಿಯಾಗಿದ್ದ ಟಿ.ಬಿ. ಡೇವಿ ಅವರು ಹಿಂದೆಯೇ ಹೇಳಿದ್ದ ಒಂದು ಮಾತು ಆಧಾರಸ್ತಂಭವಾಯಿತು. ಯಾರು ಕಲಿಸಬೇಕು, ಏನು ಕಲಿಸಬೇಕು, ಹೇಗೆ ಕಲಿಸಬೇಕು, ಯಾರಿಗೆ ಕಲಿಸಬೇಕು ಎಂಬ ನಾಲ್ಕನ್ನು ತೀರ್ಮಾನಿಸುವ ಹಕ್ಕು ವಿಶ್ವವಿದ್ಯಾಲಯದ್ದೇ ಎಂಬುದು ಅದರ ತಾತ್ಪರ್ಯ. ದಕ್ಷಿಣ ಆಫ್ರಿಕಾದ ಈ ಸೂತ್ರವನ್ನು 1957ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟಿನ ನ್ಯಾಯಮೂರ್ತಿ ಫೆಲಿಕ್ಸ್ ಫ್ರಾಂಕ್‌ಫರ್ಟರ್ ತಮ್ಮ ತೀರ್ಪಿನಲ್ಲಿ ಉದ್ಧರಿಸಿದ್ದರಿಂದ ಅದು ಜಗತ್ತಿನಾದ್ಯಂತ ಪ್ರಸಿದ್ಧವಾಯಿತು. ಕಾಯ್ದೆ ಬಂದ ವರ್ಷವೇ ಕೇಪ್ ಟೌನಿನಲ್ಲಿ ಡೇವಿ ಅವರ ಹೆಸರಿನಲ್ಲಿ ವಾರ್ಷಿಕ ಉಪನ್ಯಾಸ ಆರಂಭವಾಯಿತು. ನಾಲ್ಕರಲ್ಲಿ ಕೊನೆಯ ಹಕ್ಕು ಕೈತಪ್ಪಿತ್ತು, ಉಳಿದ ಮೂರಾದರೂ ಉಳಿದಿವೆ ಎಂಬ ನಂಬಿಕೆ ಮಾತ್ರ ಗಟ್ಟಿಯಾಗಿತ್ತು.

ಆ ನಂಬಿಕೆ ಎಷ್ಟು ತೆಳುವಾಗಿತ್ತೆಂಬುದು 1968ರಲ್ಲಿ ಬಯಲಾಯಿತು. ಆರ್ಚಿ ಮಾಫೆಜೆ ಎಂಬ ಕಪ್ಪು ಮಾನವಶಾಸ್ತ್ರಜ್ಞ ಅದೇ ವಿಶ್ವವಿದ್ಯಾಲಯದಲ್ಲಿ ಓದಿದವರು; ಕೇಪ್ ಟೌನಿನ ಕಪ್ಪು ಜನರ ಬಡಾವಣೆಯಾದ ಲಾಂಗಾದಲ್ಲಿ ಮನೆಮನೆ ಸುತ್ತಿ ಕ್ಷೇತ್ರಕಾರ್ಯ ಮಾಡಿ, ಫ್ರಾನ್ಸಿಸ್ ವಿಲ್ಸನ್ ಅವರ ತಾಯಿಯೂ ವಿಭಾಗದ ಮುಖ್ಯಸ್ಥೆಯೂ ಆಗಿದ್ದ ಮೋನಿಕಾ ವಿಲ್ಸನ್ ಅವರೊಡನೆ 1963ರಲ್ಲಿ ಪುಸ್ತಕ ಬರೆದವರು. ಅವರನ್ನು ಹಿರಿಯ ಉಪನ್ಯಾಸಕರನ್ನಾಗಿ ನೇಮಿಸಲು ವಿಶ್ವವಿದ್ಯಾಲಯದ ಕೌನ್ಸಿಲ್, ಅಂದರೆ ನಮ್ಮ ವಿಶ್ವವಿದ್ಯಾಲಯಗಳ ಸಿಂಡಿಕೇಟಿನಂಥ ಆಡಳಿತ ಮಂಡಳಿ, ತೀರ್ಮಾನಿಸಿತು. ಸರ್ಕಾರ ಕಣ್ಣು ಕೆಂಪಗೆ ಮಾಡಿತು. ಕೌನ್ಸಿಲ್ ನೇಮಕವನ್ನು ಹಿಂತೆಗೆದುಕೊಂಡಿತು. ಇಲ್ಲಿ ಗಮನಿಸಬೇಕಾದ, ನನ್ನನ್ನು ಇಂದಿಗೂ ಕಾಡುವ ವಿವರವೊಂದಿದೆ. 1959ರ ಕಾಯ್ದೆ ವಿದ್ಯಾರ್ಥಿಗಳ ಪ್ರವೇಶಕ್ಕೆ ಸಂಬಂಧಿಸಿದ್ದು. ಬಿಳಿಯರ ವಿಶ್ವವಿದ್ಯಾಲಯದಲ್ಲಿ ಕಪ್ಪು ಅಧ್ಯಾಪಕನನ್ನು ನೇಮಿಸಬಾರದೆಂಬ ಕಾನೂನು ಆಗ ಇರಲೇ ಇಲ್ಲ. ನೇಮಿಸಿದರೆ ಅಂಥ ಕಾನೂನು ತರುತ್ತೇವೆಂದು ಮಂತ್ರಿ ಬೆದರಿಸಿದ್ದರು, ಅಷ್ಟೇ. ಇನ್ನೂ ಹುಟ್ಟದ ಕಾನೂನಿಗೆ ವಿಶ್ವವಿದ್ಯಾಲಯ ಮುಂಚಿತವಾಗಿಯೇ ತಲೆಬಾಗಿತು.

ಅದನ್ನು ಒಪ್ಪದ ನೂರಾರು ವಿದ್ಯಾರ್ಥಿಗಳು, ಹೆಚ್ಚಿನವರು ಬಿಳಿಯರು, ಆ ವರ್ಷದ ಆಗಸ್ಟಿನಲ್ಲಿ ಆಡಳಿತ ಕಚೇರಿಯಾದ ಬ್ರೆಮ್ನರ್ ಕಟ್ಟಡದೊಳಗೆ ಒಂಬತ್ತು ದಿನ ಧರಣಿ ಕುಳಿತರು. ಅವರು ಗೆಲ್ಲಲಿಲ್ಲ. ಮಾಫೆಜೆ ತಮ್ಮ ವೃತ್ತಿಜೀವನದ ಬಹುಭಾಗವನ್ನು ತಾಯ್ನಾಡಿನಾಚೆಯೇ ಕಳೆದು 2007ರಲ್ಲಿ ತೀರಿಕೊಂಡರು. ವಿಶ್ವವಿದ್ಯಾಲಯ ಅವರ ಕುಟುಂಬದ ಮುಂದೆ ವಿಧಿವತ್ತಾಗಿ ಕ್ಷಮೆ ಕೇಳಿದ್ದು 2008ರಲ್ಲಿ. ಸಂಸ್ಥೆಯ ಹೇಳಿಕೆಗಳೂ ಸ್ಮಾರಕ ಉಪನ್ಯಾಸಗಳೂ ಎಷ್ಟೇ ಗಂಭೀರವಾಗಿದ್ದರೂ, ಒಬ್ಬ ವ್ಯಕ್ತಿಯ ಕೆಲಸದ ಆದೇಶಪತ್ರವನ್ನು ಕಾಪಾಡಲಾಗದಿದ್ದರೆ ಆ ಸಂಸ್ಥೆಯ ಬೆಂಬಲಕ್ಕೆ ಬೆಲೆಯಿಲ್ಲ ಎಂದು ನಾನು ಭಾವಿಸುತ್ತೇನೆ.

ಇದಕ್ಕೆ ತದ್ವಿರುದ್ಧವಾಗಿ, ದೊಡ್ಡ ಘೋಷಣೆಗಳಿಲ್ಲದೆ ನಡೆದ ಕೆಲಸವನ್ನು ನೋಡಲು ಡರ್ಬನ್ನಿಗೆ ಹೋಗಬೇಕು. ನಟಾಲ್ ವಿಶ್ವವಿದ್ಯಾಲಯದಲ್ಲಿ ರಾಜ್ಯಶಾಸ್ತ್ರ ಕಲಿಸುತ್ತಿದ್ದ ರಿಕ್ ಟರ್ನರ್ ಪ್ಯಾರಿಸ್ಸಿನಲ್ಲಿ ಸಾರ್ತ್ರ್ ಅವರ ತತ್ವಚಿಂತನೆಯನ್ನು ಕುರಿತು ಡಾಕ್ಟರೇಟ್ ಪಡೆದು ಬಂದಿದ್ದರು. ಅವರ ಪ್ರಭಾವಕ್ಕೆ ಒಳಗಾದ ವಿದ್ಯಾರ್ಥಿಗಳು 1971ರಲ್ಲಿ ‘ಕೂಲಿ ಆಯೋಗ’ ಎಂಬ ಗುಂಪು ಕಟ್ಟಿಕೊಂಡರು. ಕಪ್ಪು ಕಾರ್ಮಿಕರ ಸಂಘಗಳಿಗೆ ಆಗ ಕಾನೂನಿನ ಮಾನ್ಯತೆ ಇರಲಿಲ್ಲ. ಕೌಶಲರಹಿತ ಕೆಲಸಗಳ ಕನಿಷ್ಠ ಕೂಲಿಯನ್ನು ಸರ್ಕಾರದ ಕೂಲಿ ಮಂಡಳಿ ವಿಚಾರಣೆ ನಡೆಸಿ ನಿಗದಿಪಡಿಸುತ್ತಿತ್ತು, ಆ ವಿಚಾರಣೆಗೆ ಬರುತ್ತಿದ್ದವರು ಬಹುಪಾಲು ಮಾಲೀಕರೇ. ವಿದ್ಯಾರ್ಥಿಗಳು ಬಂದರಿನ ಹಮಾಲರನ್ನೂ ಕಾರ್ಖಾನೆಯ ಕೆಲಸಗಾರರನ್ನೂ ಕಂಡು, ಅವರ ಕೈಗೆ ಎಷ್ಟು ಬರುತ್ತದೆ, ಬಾಡಿಗೆಗೆ, ಹಿಟ್ಟಿಗೆ, ಬಸ್ಸಿಗೆ ಎಷ್ಟು ಹೋಗುತ್ತದೆ ಎಂದು ಬರೆದುಕೊಂಡು, ಆ ಲೆಕ್ಕವನ್ನು ಮಂಡಳಿಯ ಮುಂದೆ ಸಾಕ್ಷ್ಯವಾಗಿ ಇಟ್ಟರು.

ಅವರ ಕೈಯಲ್ಲಿದ್ದ ಅಳತೆಗೋಲೂ ವಿಶ್ವವಿದ್ಯಾಲಯದಲ್ಲೇ ಹುಟ್ಟಿದ್ದು. ಒಂದು ಕುಟುಂಬ ಬರೀ ಬದುಕುಳಿಯಲು ಎಷ್ಟು ಬೇಕು ಎಂಬುದನ್ನು ಗುರುತಿಸುವ ಬಡತನದ ರೇಖೆಯನ್ನು ಕೇಪ್ ಟೌನ್ ವಿಶ್ವವಿದ್ಯಾಲಯದ ಎಡ್ವರ್ಡ್ ಬ್ಯಾಟ್ಸನ್ 1940ರ ದಶಕದಲ್ಲಿ ನಗರದ ಮನೆಗಳ ಸಮೀಕ್ಷೆಗಾಗಿ ರೂಪಿಸಿದ್ದರು. ಅದು ಯಾರನ್ನೂ ಎತ್ತಿಕಟ್ಟಲು ಮಾಡಿದ ಸಂಶೋಧನೆಯಲ್ಲ. ಮೂವತ್ತು ವರ್ಷಗಳ ನಂತರ ಅದೇ ಬಗೆಯ ರೇಖೆಯನ್ನು ಡರ್ಬನ್ನಿನ ಹಮಾಲನ ಕೂಲಿಚೀಟಿಯ ಪಕ್ಕದಲ್ಲಿಟ್ಟಾಗ, ಬೆವರು ಸುರಿಸಿ ದುಡಿಯುವವನಿಗೂ ಹೊಟ್ಟೆಗೆ ಸಾಲದ ಕೂಲಿ ಕೊಡಲಾಗುತ್ತಿದೆ ಎಂಬುದು ವಾದಕ್ಕೆ ಆಸ್ಪದವಿಲ್ಲದಂತೆ ಸಿದ್ಧವಾಯಿತು. ಯಾವ ಸಂಶೋಧನೆ ಯಾವಾಗ ಬುಡಮೇಲು ಮಾಡುವಂಥದ್ದಾಗುತ್ತದೆ ಎಂದು ಮುಂಚೆಯೇ ಹೇಳಲಾಗದು. ಆದ್ದರಿಂದಲೇ ಅಪಾಯಕಾರಿ ಸಂಶೋಧನೆಯನ್ನಷ್ಟೇ ತಡೆದು ಉಳಿದದ್ದನ್ನು ಬಿಡುತ್ತೇವೆ ಎನ್ನುವ ಯಾವ ಸರ್ಕಾರದ ಮಾತನ್ನೂ ನಂಬಲಾಗದು.

1973ರ ಜನವರಿ 9ರಂದು ಡರ್ಬನ್ನಿನ ಒಂದು ಇಟ್ಟಿಗೆ ಮತ್ತು ಹೆಂಚಿನ ಕಾರ್ಖಾನೆಯಲ್ಲಿ ಕೆಲಸಗಾರರು ಕೂಲಿ ಹೆಚ್ಚಿಸಬೇಕೆಂದು ಹೊರಬಂದರು. ಮಾರ್ಚ್ ಕೊನೆಯ ಹೊತ್ತಿಗೆ ಮುಷ್ಕರಕ್ಕಿಳಿದವರ ಸಂಖ್ಯೆ 60,000 ದಾಟಿತ್ತು. ಈ ಮುಷ್ಕರಗಳನ್ನು ವಿದ್ಯಾರ್ಥಿಗಳು ಮಾಡಿಸಿದರು ಎಂದು ಸರ್ಕಾರ ಹೇಳಿತು. ಅದು ಕಾರ್ಮಿಕರ ಬುದ್ಧಿಗೂ ಧೈರ್ಯಕ್ಕೂ ಮಾಡಿದ ಅವಮಾನ. ವಿಶ್ವವಿದ್ಯಾಲಯದ ಪಾಲು ಅದಕ್ಕಿಂತ ಸಣ್ಣದು, ಆದರೆ ಬಹುಕಾಲ ಉಳಿದದ್ದು: ಮುಷ್ಕರಗಳ ಬಗ್ಗೆ ವಿವರವಾದ ಅಧ್ಯಯನ ನಡೆಯಿತು, ಕಾರ್ಮಿಕರಿಗೆ ಸಂಘ ನಡೆಸುವುದನ್ನು ಕಲಿಸುವ ಅಂಚೆ ಶಿಕ್ಷಣ ಆರಂಭವಾಯಿತು, 1974ರಲ್ಲಿ ಕಾರ್ಮಿಕ ವಿಷಯಗಳಿಗೇ ಮೀಸಲಾದ ಒಂದು ನಿಯತಕಾಲಿಕ ಹುಟ್ಟಿತು. ಐದಾರು ವರ್ಷಗಳಲ್ಲಿ ಸರ್ಕಾರ ತಾನೇ ನೇಮಿಸಿದ ವೀಹಾನ್ ಆಯೋಗದ ಶಿಫಾರಸಿನಂತೆ, 1979ರಲ್ಲಿ, ಕಪ್ಪು ಕಾರ್ಮಿಕರ ಸಂಘಗಳಿಗೆ ಮಾನ್ಯತೆ ಕೊಡಬೇಕಾಯಿತು.

ಟರ್ನರ್ ಅದನ್ನು ನೋಡಲು ಇರಲಿಲ್ಲ. 1973ರ ಆರಂಭದಲ್ಲೇ ಅವರ ಮೇಲೆ ‘ನಿರ್ಬಂಧ ಆದೇಶ’ ಬಿದ್ದಿತ್ತು. ಈ ಆದೇಶದ ಸ್ವರೂಪವನ್ನು ತಿಳಿಯದೆ ಆ ಕಾಲದ ವಿಶ್ವವಿದ್ಯಾಲಯಗಳ ಕಷ್ಟ ಅರ್ಥವಾಗುವುದಿಲ್ಲ. ಕಮ್ಯುನಿಸಂ ದಮನಕ್ಕೆಂದು 1950ರಲ್ಲಿ ಬಂದ ಕಾಯ್ದೆಯಡಿ, ವಿಚಾರಣೆಯಾಗಲಿ ಆರೋಪಪಟ್ಟಿಯಾಗಲಿ ಇಲ್ಲದೆ, ಮಂತ್ರಿಯ ಒಂದು ಸಹಿಯಿಂದ ಒಬ್ಬ ವ್ಯಕ್ತಿಯನ್ನು ಜೀವಂತವಿದ್ದಾಗಲೇ ಸಾರ್ವಜನಿಕ ಬದುಕಿನಿಂದ ಅಳಿಸಬಹುದಿತ್ತು. ಅವರು ಪಾಠ ಮಾಡುವಂತಿರಲಿಲ್ಲ, ಸಭೆಗೆ ಹೋಗುವಂತಿರಲಿಲ್ಲ, ಗೊತ್ತುಪಡಿಸಿದ ಪ್ರದೇಶ ಬಿಟ್ಟು ಕದಲುವಂತಿರಲಿಲ್ಲ. ಅವರ ಮಾತನ್ನು ಬೇರೆಯವರು ಉದ್ಧರಿಸುವುದೂ ಅಪರಾಧವಾಗಿತ್ತು. ಒಬ್ಬ ವಿದ್ವಾಂಸನ ಪುಸ್ತಕವನ್ನು ಅಡಿಟಿಪ್ಪಣಿಯಲ್ಲಿ ಹೆಸರಿಸಿದರೂ ಜೈಲಿಗೆ ಹೋಗಬಹುದಾದ ನಾಡಿನಲ್ಲಿ ಸಂಶೋಧನಾ ಪ್ರಬಂಧ ಬರೆಯುವುದೆಂದರೇನು ಎಂದು ಊಹಿಸಿಕೊಳ್ಳಬಹುದು. 1978ರ ಜನವರಿ 8ರಂದು, ನಿರ್ಬಂಧದ ಅವಧಿ ಮುಗಿಯುವ ಮೊದಲೇ, ಡರ್ಬನ್ನಿನ ಅವರ ಮನೆಯ ಕಿಟಕಿಯಿಂದ ಯಾರೋ ಗುಂಡು ಹಾರಿಸಿದರು. ಟರ್ನರ್ ಹದಿಮೂರು ವರ್ಷದ ಮಗಳ ತೋಳುಗಳಲ್ಲಿ ಪ್ರಾಣಬಿಟ್ಟರು. ಹಂಪಿಯ ಕನ್ನಡ ವಿಶ್ವವಿದ್ಯಾಲಯದ ಕುಲಪತಿಗಳಾಗಿದ್ದ ಎಂ.ಎಂ. ಕಲಬುರ್ಗಿ ಅವರನ್ನು 2015ರ ಆಗಸ್ಟ್ 30ರ ಬೆಳಿಗ್ಗೆ ಧಾರವಾಡದ ಅವರ ಮನೆಯಲ್ಲೇ ಗುಂಡಿಟ್ಟು ಕೊಂದದ್ದನ್ನು ಕಂಡ ನಮಗೆ, ಆ ಕಿಟಕಿಯ ಬಗ್ಗೆ ಹೆಚ್ಚು ವಿವರಿಸಿ ಹೇಳಬೇಕಾಗಿಲ್ಲ.

ಈ ಕಥೆಯ ಅತ್ಯಂತ ಅನಿರೀಕ್ಷಿತ ಭಾಗವಿರುವುದು, ಸರ್ಕಾರ ತಾನೇ ಕಟ್ಟಿದ ಪ್ರತ್ಯೇಕ ಕಾಲೇಜುಗಳಲ್ಲಿ. ನಗರಗಳಿಂದ ದೂರದಲ್ಲಿ ಕಟ್ಟಿದ ಅವನ್ನು ಕಪ್ಪು ಜನರು ‘ಪೊದೆ ಕಾಲೇಜು’ ಎಂದು ತಾತ್ಸಾರದಿಂದ ಕರೆಯುತ್ತಿದ್ದರು. ಅಧ್ಯಾಪಕರೂ ಆಡಳಿತವೂ ಬಹುಪಾಲು ಬಿಳಿಯರದ್ದೇ, ಪಠ್ಯವೂ ಸರ್ಕಾರದ್ದೇ. ವಿಧೇಯ ಗುಮಾಸ್ತರನ್ನೂ ಶಿಕ್ಷಕರನ್ನೂ ತಯಾರಿಸುವುದು ಅವುಗಳ ಉದ್ದೇಶ. ಆದರೆ ಸಾವಿರಾರು ಯುವಜನರನ್ನು ಒಂದೇ ಆವರಣದಲ್ಲಿ ಕೂಡಿಹಾಕಿ, ಓದಲು ಕಲಿಸಿ, ದಿನವೂ ಅವಮಾನಿಸಿದರೆ ಏನಾಗುತ್ತದೆ ಎಂಬುದನ್ನು ಯೋಜನೆ ಹಾಕಿದವರು ಯೋಚಿಸಿರಲಿಲ್ಲ. ನಟಾಲ್ ವಿಶ್ವವಿದ್ಯಾಲಯದ ಬಿಳಿಯೇತರ ವಿಭಾಗದಲ್ಲಿ ವೈದ್ಯಕೀಯ ಓದುತ್ತಿದ್ದ ಸ್ಟೀವ್ ಬಿಕೊ 1967ರಲ್ಲಿ ಉದಾರವಾದಿ ವಿದ್ಯಾರ್ಥಿ ಒಕ್ಕೂಟದ ಸಮ್ಮೇಳನಕ್ಕೆ ರೋಡ್ಸ್ ವಿಶ್ವವಿದ್ಯಾಲಯಕ್ಕೆ ಹೋದಾಗ, ಕಪ್ಪು ಪ್ರತಿನಿಧಿಗಳು ಆವರಣದೊಳಗೆ ತಂಗುವಂತಿಲ್ಲ ಎಂದು ಅಲ್ಲಿನ ಆಡಳಿತ ಹೇಳಿತು. ನಮ್ಮ ಪರವಾಗಿ ಬಿಳಿಯರು ಮಾತಾಡುವುದು ಸಾಕು ಎಂದು ಬಿಕೊ ಮತ್ತವರ ಗೆಳೆಯರು 1969ರಲ್ಲಿ ಪ್ರತ್ಯೇಕ ಕಪ್ಪು ವಿದ್ಯಾರ್ಥಿ ಸಂಘಟನೆಯನ್ನು ಕಟ್ಟಿದರು. ಅದರ ಉದ್ಘಾಟನೆಯಾದದ್ದು ಟರ್ಫ್‌ಲೂಪ್ ಎಂಬಲ್ಲಿನ ಅಂಥದೇ ಒಂದು ಪೊದೆ ಕಾಲೇಜಿನಲ್ಲಿ.

ಅದೇ ಟರ್ಫ್‌ಲೂಪಿನ 1972ರ ಘಟಿಕೋತ್ಸವದಲ್ಲಿ ವಿದ್ಯಾರ್ಥಿಗಳ ಪರವಾಗಿ ಮಾತಾಡಲು ನಿಂತವರು ಓಂಕೊಪೊತ್ಸೆ ಟಿರೊ. ಕಪ್ಪು ಜನರಿಗೆಂದೇ ಕಟ್ಟಿದ ಕಾಲೇಜಿನ ಸಭಾಂಗಣದಲ್ಲಿ ಬಿಳಿಯ ಅತಿಥಿಗಳಿಗೆ ಮುಂದಿನ ಸಾಲು ಸಿಕ್ಕಿ, ಪದವಿ ಪಡೆಯುವವರ ತಂದೆತಾಯಿಗಳು ಹೊರಗೇ ಉಳಿಯಬೇಕಾಯಿತೆಂಬುದನ್ನು ಅವರು ವೇದಿಕೆಯಿಂದಲೇ ಎತ್ತಿ ತೋರಿಸಿದರು. ಅವರನ್ನು ಕಾಲೇಜಿನಿಂದ ಹೊರಹಾಕಲಾಯಿತು. ಪ್ರತಿಭಟನೆ ಉಳಿದ ಕಪ್ಪು ಕಾಲೇಜುಗಳಿಗೆಲ್ಲ ಹಬ್ಬಿತು. ಹೊರಬಿದ್ದ ಟಿರೊ, ಜೋಹಾನ್ಸ್‌ಬರ್ಗಿನ ಪಕ್ಕದ ಕಪ್ಪು ಜನರ ಬಡಾವಣೆಯಾದ ಸೊವೆಟೊದ ಮಾರಿಸ್ ಐಸಾಕ್ಸನ್ ಪ್ರೌಢಶಾಲೆಯಲ್ಲಿ ಇತಿಹಾಸ ಕಲಿಸಿದರು. 1974ರಲ್ಲಿ, ನೆರೆಯ ಬೋಟ್ಸ್ವಾನಾದಲ್ಲಿ ತಲೆಮರೆಸಿಕೊಂಡಿದ್ದಾಗ, ಅಂಚೆಯಲ್ಲಿ ಬಂದ ಬಾಂಬು ಅವರನ್ನು ಕೊಂದಿತು. ಅದಾದ ಎರಡು ವರ್ಷಕ್ಕೆ, 1976ರ ಜೂನ್ 16ರಂದು, ಸೊವೆಟೊದ ಮಕ್ಕಳು ಆಫ್ರಿಕಾನ್ಸ್ ಭಾಷೆಯ ಹೇರಿಕೆಯ ವಿರುದ್ಧ ಬೀದಿಗಿಳಿದಾಗ ಅವರನ್ನು ಮುನ್ನಡೆಸಿದ ತ್ಸಿಯೆತ್ಸಿ ಮಾಶಿನಿನಿ ಆ ಶಾಲೆಯಲ್ಲಿ ಟಿರೊ ಅವರ ಶಿಷ್ಯರಾಗಿದ್ದವರು. ಈ ಸಂಸ್ಥೆಗಳು ಚಳವಳಿಗೆ ಬೆಂಬಲ ಕೊಟ್ಟವು ಎನ್ನಲಾಗದು. ಆದರೂ ಅವು ಇಲ್ಲದಿದ್ದರೆ ಚಳವಳಿ ಆ ರೂಪದಲ್ಲಿ ಹುಟ್ಟುತ್ತಿರಲಿಲ್ಲ.

ಪೊಲೀಸರು ಹೊರಗಿನಿಂದಷ್ಟೇ ಬರಲಿಲ್ಲ. ವಿಟ್‌ವಾಟರ್ಸ್‌ರ್ಯಾಂಡಿನಲ್ಲಿ ವಿದ್ಯಾರ್ಥಿಯಾಗಿ ಸೇರಿ, ರಾಷ್ಟ್ರೀಯ ವಿದ್ಯಾರ್ಥಿ ಒಕ್ಕೂಟದ ಉಪಾಧ್ಯಕ್ಷ ಸ್ಥಾನದವರೆಗೆ ಏರಿದ ಕ್ರೇಗ್ ವಿಲಿಯಮ್ಸನ್ ಭದ್ರತಾ ಪೊಲೀಸರ ಗೂಢಚಾರ ಎಂಬುದು 1980ರಲ್ಲಿ ಬಯಲಾಯಿತು. ಅದೇ ವಿಶ್ವವಿದ್ಯಾಲಯದಲ್ಲಿ ಓದಿ, ದೇಶಾಂತರ ಹೋಗಿ, ಮೊಜಾಂಬಿಕ್ಕಿನ ಮಪುಟೊದಲ್ಲಿ ಎಡುವಾರ್ಡೊ ಮೊಂಡ್ಲಾನೆ ವಿಶ್ವವಿದ್ಯಾಲಯದ ಆಫ್ರಿಕಾ ಅಧ್ಯಯನ ಕೇಂದ್ರದ ಸಂಶೋಧನೆಯನ್ನು ನಿರ್ದೇಶಿಸುತ್ತಿದ್ದ ರೂತ್ ಫಸ್ಟ್ ಅವರನ್ನು 1982ರ ಆಗಸ್ಟ್ 17ರಂದು ಅಂಚೆಯ ಲಕೋಟೆಯಲ್ಲಿಟ್ಟ ಬಾಂಬಿನಿಂದ ಕೊಂದ ಸಂಚಿನಲ್ಲಿ ಈತನ ಕೈಯಿತ್ತು. ಅವರು ಅಲ್ಲಿ ಅಧ್ಯಯನ ಮಾಡುತ್ತಿದ್ದದ್ದೂ ದಕ್ಷಿಣ ಆಫ್ರಿಕಾದ ಚಿನ್ನದ ಗಣಿಗಳಿಗೆ ವಲಸೆ ಹೋಗುವ ಮೊಜಾಂಬಿಕ್ಕಿನ ರೈತರ ಬದುಕನ್ನು. ವಿಲ್ಸನ್ ಗಣಿಯ ಕಡೆಯಿಂದ ಹಾಕಿದ ಲೆಕ್ಕವನ್ನು ಫಸ್ಟ್ ಹಳ್ಳಿಯ ಕಡೆಯಿಂದ ಹಾಕುತ್ತಿದ್ದರು. ಲಕೋಟೆ ಒಡೆದದ್ದು ಅವರ ವಿಶ್ವವಿದ್ಯಾಲಯದ ಕಚೇರಿಯಲ್ಲೇ.

ಇಂಥ ವಾತಾವರಣದಲ್ಲಿ 1985ರಲ್ಲಿ ಬಂದ ಒಂದು ವರದಿಯನ್ನು ನಾನು ಈ ಇಡೀ ಇತಿಹಾಸದ ನೆತ್ತಿಯೆಂದು ಎಣಿಸುತ್ತೇನೆ. ಕೇಪ್ ಟೌನ್ ವಿಶ್ವವಿದ್ಯಾಲಯದ ಅಪರಾಧಶಾಸ್ತ್ರ ಸಂಸ್ಥೆಗಾಗಿ ಮನಶ್ಶಾಸ್ತ್ರಜ್ಞ ಡಾನ್ ಫಾಸ್ಟರ್ ಮತ್ತು ಅವರ ಸಂಗಡಿಗರು, ವಿಚಾರಣೆಯಿಲ್ಲದೆ ಬಂಧನದಲ್ಲಿದ್ದು ಬಿಡುಗಡೆಯಾದವರನ್ನು ಒಬ್ಬೊಬ್ಬರಾಗಿ ಕಂಡು ಮಾತಾಡಿಸಿದರು. ಎಷ್ಟು ಹೊತ್ತು ನಿಲ್ಲಿಸಿದರು, ಯಾವುದರಿಂದ ಹೊಡೆದರು, ನಿದ್ದೆಗೆ ಬಿಟ್ಟರೇ, ಬಿಟ್ಟ ಮೇಲೆ ಕನಸುಗಳು ಹೇಗೆ ಬೀಳುತ್ತವೆ ಎಂಬಂಥ ಪ್ರಶ್ನೆಗಳ ಉತ್ತರಗಳನ್ನು ಒಂದೇ ಕ್ರಮದಲ್ಲಿ ದಾಖಲಿಸಿದರು. ಸಮೀಕ್ಷೆಗೆ ಸಿಕ್ಕ ಪ್ರಕರಣಗಳಲ್ಲಿ ಶೇ 83ರಷ್ಟರಲ್ಲಿ ದೈಹಿಕ ಹಿಂಸೆ ನಡೆದಿತ್ತು. ಅದುವರೆಗೆ ಪ್ರತಿಯೊಂದು ದೂರನ್ನೂ ಒಬ್ಬ ಅತೃಪ್ತ ಕೈದಿಯ ಕಟ್ಟುಕಥೆಯೆಂದು ತಳ್ಳಿಹಾಕಬಹುದಾಗಿತ್ತು. ಅದೇ ಮಾತು ಬೇರೆ ಬೇರೆ ಊರಿನ, ಒಬ್ಬರನ್ನೊಬ್ಬರು ಅರಿಯದ ಜನರಿಂದ, ಒಂದೇ ಪ್ರಶ್ನಾವಳಿಗೆ ಉತ್ತರವಾಗಿ ಬಂದಾಗ ಹಾಗೆ ತಳ್ಳುವುದು ಕಷ್ಟವಾಯಿತು. ಒಬ್ಬ ಪತ್ರಕರ್ತ ಅಥವಾ ಒಂದು ಪಕ್ಷ ಮಾಡಲಾಗದ ಕೆಲಸ ಇದು. ವಿಧಾನದ ಶಿಸ್ತು, ವರ್ಷಗಳ ಬಿಡುವು, ಸಾಕ್ಷಿಗಳ ಗುಟ್ಟು ಕಾಯುವ ನಿಯಮ ಎಲ್ಲವೂ ಇರುವ ಸಂಸ್ಥೆಯೊಂದರಿಂದ ಮಾತ್ರ ಆಗುವಂಥದ್ದು. ಇನ್ನೊಂದು ತುದಿಯಲ್ಲಿ, ವಿಟ್‌ವಾಟರ್ಸ್‌ರ್ಯಾಂಡಿನ ಮಾನವಶಾಸ್ತ್ರಜ್ಞ ಡೇವಿಡ್ ವೆಬ್‌ಸ್ಟರ್ ಬಂಧಿತರ ಕುಟುಂಬಗಳ ಜೊತೆ ಕೆಲಸ ಮಾಡುತ್ತ ದಮನದ ದಾಖಲೆಗಳನ್ನು ಕಲೆಹಾಕುತ್ತಿದ್ದರು. 1989ರ ಮೇ 1ರಂದು ಮನೆಯ ಮುಂದೆಯೇ ಅವರನ್ನು ಗುಂಡಿಟ್ಟು ಕೊಂದರು. ಕೊಂದವನು ಸೇನೆಯ ರಹಸ್ಯ ಘಟಕದವನೆಂಬುದು ಸಾಬೀತಾಗಿ ಶಿಕ್ಷೆಯಾದದ್ದು 1998ರಲ್ಲಿ.

ಗುಂಡಿಗಿಂತ ಅಗ್ಗದ ಆಯುಧವೂ ಇತ್ತು, ಅದು ಅನುದಾನ. 1987ರಲ್ಲಿ ಶಿಕ್ಷಣ ಖಾತೆಯ ಮಂತ್ರಿಯಾಗಿದ್ದ ಎಫ್.ಡಬ್ಲ್ಯು. ಡಿ ಕ್ಲರ್ಕ್, ಆವರಣದಲ್ಲಿ ಬಹಿಷ್ಕಾರ, ಕಾನೂನುಬಾಹಿರ ಸಭೆ, ನಿಷೇಧಿತ ಸಂಘಟನೆಗಳಿಗೆ ಬೆಂಬಲ ಮುಂತಾದವನ್ನು ವಿಶ್ವವಿದ್ಯಾಲಯಗಳೇ ತಡೆದು, ತಮ್ಮ ವಿದ್ಯಾರ್ಥಿಗಳನ್ನೂ ಅಧ್ಯಾಪಕರನ್ನೂ ಶಿಕ್ಷಿಸದಿದ್ದರೆ ಸರ್ಕಾರದ ಹಣ ಕಡಿತವಾಗುತ್ತದೆ ಎಂಬ ಷರತ್ತುಗಳನ್ನು ಹೊರಡಿಸಿದರು. ಅಂದರೆ ಪೊಲೀಸನ ಕೆಲಸವನ್ನು ಕುಲಪತಿಗೆ ವಹಿಸುವ ಏರ್ಪಾಡು. ಈ ಸಲ ಕೇಪ್ ಟೌನ್ ವಿಶ್ವವಿದ್ಯಾಲಯ 1968ರ ಹಾಗೆ ಮುಂಚಿತವಾ‌ಗಿ ತಲೆಬಾಗಲಿಲ್ಲ. ಪಶ್ಚಿಮ ಕೇಪ್ ವಿಶ್ವವಿದ್ಯಾಲಯದಂತೆ ತಾನೂ ನ್ಯಾಯಾಲಯದ ಮೆಟ್ಟಿಲೇರಿತು. 1988ರಲ್ಲಿ ನ್ಯಾಯಾಲಯ ಷರತ್ತುಗಳನ್ನು ರದ್ದುಗೊಳಿಸಿತು. ಇಪ್ಪತ್ತು ವರ್ಷಗಳ ಅಂತರದಲ್ಲಿ ಒಂದೇ ಸಂಸ್ಥೆ ನಡೆದುಕೊಂಡ ಈ ಎರಡು ರೀತಿಗಳ ನಡುವಿನ ವ್ಯತ್ಯಾಸದಲ್ಲೇ ಸಾಂಸ್ಥಿಕ ಬೆಂಬಲ ಎಂಬ ಪದದ ಅರ್ಥವೆಲ್ಲ ಅಡಗಿದೆ.

ಪಶ್ಚಿಮ ಕೇಪ್ ವಿಶ್ವವಿದ್ಯಾಲಯ ಇನ್ನೂ ಮುಂದಕ್ಕೆ ಹೋಯಿತು. ಅದು ಮಿಶ್ರವರ್ಣೀಯರಿಗೆಂದು 1959ರ ಕಾಯ್ದೆಯಡಿ ಹುಟ್ಟಿದ ಪೊದೆ ಕಾಲೇಜುಗಳಲ್ಲೊಂದು. 1987ರಲ್ಲಿ ಅದರ ಮುಖ್ಯಸ್ಥರಾದ ಜೇಕ್ಸ್ ಗೆರ್ವೆಲ್, ಈ ಸಂಸ್ಥೆ ಎಡಪಂಥದ ಬೌದ್ಧಿಕ ನೆಲೆಯಾಗಬೇಕೆಂದು ತಮ್ಮ ಅಧಿಕಾರ ಸ್ವೀಕಾರದ ಭಾಷಣದಲ್ಲೇ ಸಾರಿದರು. ಉಳಿದ ವಿಶ್ವವಿದ್ಯಾಲಯಗಳೂ ತಟಸ್ಥವಲ್ಲ, ಅವು ಬೇರೆ ಬೇರೆ ಆಳುವ ವರ್ಗಗಳ ನೆಲೆಗಳೇ ಆಗಿವೆ ಎಂಬುದು ಅವರ ವಾದ. ಬಡ ಕಪ್ಪು ವಿದ್ಯಾರ್ಥಿಗಳಿಗೆ ಬಾಗಿಲು ತೆರೆಯಿತು. ದೇಶಾಂತರದಲ್ಲಿದ್ದ ವಿದ್ವಾಂಸರು ಬಂದು ಸೇರಿದರು. ಮುಂದಿನ ಸಂವಿಧಾನದ ಚರ್ಚೆಗಳು ಅಲ್ಲಿನ ಕೋಣೆಗಳಲ್ಲಿ ನಡೆದವು. 1994ರಲ್ಲಿ ಮಂಡೇಲಾ ಅಧ್ಯಕ್ಷರಾದಾಗ ಗೆರ್ವೆಲ್ ಅಧ್ಯಕ್ಷರ ಕಚೇರಿಯ ಮುಖ್ಯಾಧಿಕಾರಿಯಾದರು, ಅಲ್ಲಿಯೇ ಕೆಲಸ ಮಾಡಿದ್ದ ಡುಲ್ಲಾ ಒಮರ್ ಮತ್ತು ಕಾದರ್ ಅಸ್ಮಲ್ ಮಂತ್ರಿಗಳಾದರು. ವಿಶ್ವವಿದ್ಯಾಲಯಕ್ಕೆ ಉಳಿದದ್ದು ಕಟ್ಟಲಾಗದ ಶುಲ್ಕದ ಬಾಕಿ ಮತ್ತು ವರ್ಷಗಟ್ಟಲೆ ಎಳೆದ ಹಣದ ಮುಗ್ಗಟ್ಟು.

ಒಂದು ಸಂಸ್ಥೆ ಹೀಗೆ ಬಹಿರಂಗವಾಗಿ ಪಕ್ಷ ವಹಿಸುವುದು ಸರಿಯೇ ಎಂಬ ಪ್ರಶ್ನೆಯನ್ನು ಹಗುರವಾಗಿ ಬಿಡಬಾರದು. ಅಮೆರಿಕದ ಷಿಕಾಗೊ ವಿಶ್ವವಿದ್ಯಾಲಯದಲ್ಲಿ ನ್ಯಾಯಶಾಸ್ತ್ರಜ್ಞ ಹ್ಯಾರಿ ಕಾಲ್ವೆನ್ ಅಧ್ಯಕ್ಷತೆಯ ಸಮಿತಿ 1967ರಲ್ಲಿ ಕೊಟ್ಟ ವರದಿಯ ಪ್ರಕಾರ ವಿಶ್ವವಿದ್ಯಾಲಯವು ವಿಮರ್ಶಕರಿಗೆ ಮನೆಯಾಗಬೇಕು, ತಾನೇ ವಿಮರ್ಶಕನಾಗಬಾರದು. ಸಂಸ್ಥೆ ಒಂದು ನಿಲುವು ತಳೆದರೆ ಅದನ್ನೊಪ್ಪದ ತನ್ನದೇ ಸದಸ್ಯರ ಬಾಯಿ ಕಟ್ಟಿದಂತಾಗುತ್ತದೆ. ಈ ಆತಂಕ ಪೊಳ್ಳಲ್ಲ. ಐರ್ಲೆಂಡಿನ ಲೇಖಕ, ರಾಜಕಾರಣಿ ಕಾನರ್ ಕ್ರೂಸ್ ಒಬ್ರಯನ್ 1986ರಲ್ಲಿ, ಹೊರನಾಡಿನ ವಿದ್ವಾಂಸರು ದಕ್ಷಿಣ ಆಫ್ರಿಕಾಕ್ಕೆ ಹೋಗಬಾರದೆಂಬ ಶೈಕ್ಷಣಿಕ ಬಹಿಷ್ಕಾರವನ್ನು ಉಲ್ಲಂಘಿಸಿ ಕೇಪ್ ಟೌನಿನಲ್ಲಿ ಪಾಠ ಮಾಡಲು ಬಂದಾಗ ವಿದ್ಯಾರ್ಥಿಗಳು ತರಗತಿಗೆ ನುಗ್ಗಿ ಅಡ್ಡಿಪಡಿಸಿದರು, ಉಳಿದ ಉಪನ್ಯಾಸಗಳು ರದ್ದಾದವು. ಆ ಬಹಿಷ್ಕಾರದ ಹಿಂದಿನ ನೋವು ಸುಳ್ಳಲ್ಲ. ಭಾರತದ ಪಾಸ್‌ಪೋರ್ಟುಗಳೇ ಆಗ ದಕ್ಷಿಣ ಆಫ್ರಿಕಾಕ್ಕೆ ಸಲ್ಲುವುದಿಲ್ಲ ಎಂಬ ಮುದ್ರೆಯೊಡನೆ ಬರುತ್ತಿದ್ದವು. ಆದರೂ ಡೇವಿ ಹೇಳಿದ ಮೊದಲ ಹಕ್ಕು, ಅಂದರೆ ಯಾರು ಕಲಿಸಬೇಕೆಂಬುದು, ಈ ಸಲ ಮುರಿದದ್ದು ಮಂತ್ರಿಯ ಕೈಯಿಂದಲ್ಲ. ನನಗೆ ಆ ವಿದ್ಯಾರ್ಥಿಗಳ ಸಿಟ್ಟು ಅರ್ಥವಾಗುತ್ತದೆ, ಅವರ ನಡೆ ಒಪ್ಪಿಗೆಯಾಗುವುದಿಲ್ಲ.

ಕಾಲ್ವೆನ್ ವರದಿಯನ್ನು ಉದ್ಧರಿಸುವವರು ಸಾಮಾನ್ಯವಾಗಿ ಅದರ ಇನ್ನೊಂದು ಭಾಗವನ್ನು ಮರೆಯುತ್ತಾರೆ: ಸಮಾಜವಾಗಲಿ ಸರ್ಕಾರವಾಗಲಿ ವಿಶ್ವವಿದ್ಯಾಲಯದ ಮೂಲ ಕೆಲಸಕ್ಕೇ ಕೈಹಾಕಿದಾಗ, ಸಂಸ್ಥೆಯಾಗಿಯೇ ಎದ್ದುನಿಂತು ಪ್ರತಿರೋಧಿಸುವುದು ಅದರ ಕರ್ತವ್ಯ ಎಂದೂ ಆ ವರದಿ ಹೇಳುತ್ತದೆ. ವರ್ಣಭೇದ ನೀತಿ ತರಗತಿಯ ಹೊರಗಿದ್ದ ರಾಜಕೀಯವಾಗಿರಲಿಲ್ಲ. ಬೆಂಚಿನ ಮೇಲೆ ಯಾರು ಕೂರಬೇಕು, ಕಪಾಟಿನಲ್ಲಿ ಯಾವ ಪುಸ್ತಕ ಇರಬೇಕು, ಯಾರ ಹೆಸರನ್ನು ಉಚ್ಚರಿಸಬಾರದು ಎಂಬುದನ್ನೆಲ್ಲ ಅದು ನಿರ್ಧರಿಸುತ್ತಿತ್ತು. ಅಂಥ ಕಡೆ ತಟಸ್ಥವಾಗಿರುತ್ತೇವೆ ಎನ್ನುವ ವಿಶ್ವವಿದ್ಯಾಲಯ ತನ್ನ ಕೆಲಸವನ್ನು ಆಗಲೇ ಬಿಟ್ಟುಕೊಟ್ಟಿರುತ್ತದೆ. ಗೆರ್ವೆಲ್ ಅವರ ನಿಲುವನ್ನು ನಾನು ಸಮರ್ಥಿಸುವುದು ಈ ಕಾರಣಕ್ಕೆ. ಆದರೆ ವರ್ಣಭೇದದ ಕಾನೂನುಗಳು ತರಗತಿಗಳಿಂದ ಹಿಂದೆ ಸರಿದ ಮೇಲೂ ಅದೇ ಘೋಷಣೆಯನ್ನು ಉಳಿಸಿಕೊಂಡರೆ ಅಧಿಕಾರಕ್ಕೆ ಬಂದ ಗೆಳೆಯರನ್ನು ಪ್ರಶ್ನಿಸುವುದು ಕಷ್ಟವಾಗುತ್ತದೆ.

ಆ ಕಷ್ಟ ಬೇಗನೆ ಎದುರಾಯಿತು. 1996ರ ಹೊಸ ಸಂವಿಧಾನ ಶೈಕ್ಷಣಿಕ ಸ್ವಾತಂತ್ರ್ಯವನ್ನೂ ವೈಜ್ಞಾನಿಕ ಸಂಶೋಧನೆಯ ಸ್ವಾತಂತ್ರ್ಯವನ್ನೂ ಹೆಸರಿಸಿಯೇ ಮೂಲಭೂತ ಹಕ್ಕುಗಳಲ್ಲಿ ಸೇರಿಸಿತು. ನಮ್ಮ ಸಂವಿಧಾನದಲ್ಲಿ ಅಂಥ ಪ್ರತ್ಯೇಕ ಉಲ್ಲೇಖವಿಲ್ಲ. ಆದರೆ 2001ರ ಹೊತ್ತಿಗೆ, ವಿಮೋಚನೆಯ ಹೋರಾಟದಿಂದಲೇ ಬಂದ ಅಧ್ಯಕ್ಷ ಥಾಬೊ ಎಂಬೆಕಿ, ಏಡ್ಸ್ ಅಷ್ಟು ಜನರನ್ನು ಕೊಲ್ಲುತ್ತಿದೆಯೆಂಬುದನ್ನೇ ಅನುಮಾನಿಸುತ್ತ ಹಳೆಯ ಅಂಕಿಅಂಶಗಳನ್ನು ಮುಂದಿಡುತ್ತಿದ್ದರು. ಕೇಪ್ ಟೌನ್ ವಿಶ್ವವಿದ್ಯಾಲಯದ ವಿಮಾಗಣಿತ (ವಿಮೆಗಾಗಿ ಆಯುಸ್ಸಿನ ಲೆಕ್ಕ ಹಾಕುವ ಶಾಸ್ತ್ರ) ತಜ್ಞ ರಾಬ್ ಡಾರಿಂಗ್‌ಟನ್ ಮತ್ತವರ ಜೊತೆಗಾರರು ವೈದ್ಯಕೀಯ ಸಂಶೋಧನಾ ಮಂಡಳಿಯೊಡನೆ ಸೇರಿ ಸಾವಿನ ನೋಂದಣಿಗಳನ್ನು ವಯಸ್ಸಿನ ಪ್ರಕಾರ ವಿಂಗಡಿಸಿದರು. ಮುದುಕರು ಸಾಯಬೇಕಾದ ನಾಡಿನಲ್ಲಿ ಹರೆಯದ ಹೆಣ್ಣುಮಕ್ಕಳೂ ದುಡಿಯುವ ವಯಸ್ಸಿನ ಗಂಡಸರೂ ಸಾಯುತ್ತಿದ್ದರು. 2000ದಲ್ಲಿ 15ರಿಂದ 49 ವಯಸ್ಸಿನವರ ಸಾವುಗಳಲ್ಲಿ ಸುಮಾರು ಶೇ 40 ಏಡ್ಸ್‌ನಿಂದ ಎಂದು ಅವರ ಲೆಕ್ಕ ಹೇಳಿತು. ಸರ್ಕಾರ ವರದಿಯ ಪ್ರಕಟಣೆಯನ್ನು ತಡೆಹಿಡಿಯಲು ನೋಡಿತು. ಅಷ್ಟರಲ್ಲಿ ಅದು ಪತ್ರಿಕೆಗಳಿಗೆ ಸಿಕ್ಕಿಬಿಟ್ಟಿತ್ತು. 2002ರ ಜುಲೈನಲ್ಲಿ, ರೋಗಿಗಳ ಪರ ಹೋರಾಟಗಾರರ ಮೊಕದ್ದಮೆಯಲ್ಲಿ, ತಾಯಿಯಿಂದ ಮಗುವಿಗೆ ಸೋಂಕು ತಗಲದಂತೆ ತಡೆಯುವ ಔಷಧವನ್ನು ಸರ್ಕಾರಿ ಆಸ್ಪತ್ರೆಗಳಲ್ಲಿ ಒದಗಿಸಬೇಕೆಂದು ಸಂವಿಧಾನ ನ್ಯಾಯಾಲಯ ಆದೇಶಿಸಿತು.

ಸಾವುಗಳನ್ನು ಎಣಿಸುವ ಆ ಕೆಲಸ ಅಲ್ಲಿಗೆ ನಿಲ್ಲಲಿಲ್ಲ. 2020ರಲ್ಲಿ ಕೋವಿಡ್ ಬಂದಾಗ ಅದೇ ವಿಶ್ವವಿದ್ಯಾಲಯದ ವಿಮಾಗಣಿತ ಕೇಂದ್ರ ಮತ್ತು ವೈದ್ಯಕೀಯ ಸಂಶೋಧನಾ ಮಂಡಳಿಯವರು, ಸಾಮಾನ್ಯ ವರ್ಷಗಳಲ್ಲಿ ಆಗುವುದಕ್ಕಿಂತ ಎಷ್ಟು ಸಾವುಗಳು ಹೆಚ್ಚಾಗಿವೆ ಎಂಬ ವರದಿಯನ್ನು ವಾರವಾರವೂ ಹೊರತಂದರು. ಸರ್ಕಾರದ ಪಟ್ಟಿಯಲ್ಲಿ ಕೋವಿಡ್ ಸಾವುಗಳು ಸುಮಾರು ಒಂದು ಲಕ್ಷಕ್ಕೆ ಬಂದು ನಿಂತಾಗ, ಇವರ ಲೆಕ್ಕ ಅದರ ಸುಮಾರು ಮೂರು ಪಟ್ಟಿತ್ತು.